ಒಂದೇ ಸಾಲಿನ ಲೆಕ್ಕ, ಹತ್ತು ಗಂಟಿನ ಹಗ್ಗ

ಸೂತ್ರ ಬಲ್ಲವನೊಬ್ಬ, ಕೆರೆ ಬಲ್ಲವನೊಬ್ಬ, ಇಬ್ಬರೂ ಒಂದೇ ಏರಿಯ ಮೇಲೆ ನಿಂತರೆ ಏನಾದರೊಂದು ಆಗದೆ ಇರುವುದಿಲ್ಲ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಕೆರೆಗಳಿಗೂ ಕೊರತೆಯಿಲ್ಲ, ಓವರ್ಸಿಯರುಗಳಿಗೂ ಕೊರತೆಯಿಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಯಾರ ಹೆಸರನ್ನೂ ಹಾಕಿಲ್ಲ. ಅಂಜಿಕೆಯಿಂದಲ್ಲ, ಇವರಲ್ಲಿ ಇಬ್ಬರು ಈಗಲೂ ನನ್ನನ್ನು ಕಂಡರೆ ಕೂರಿಸಿ ಕಾಫಿ ಕೊಡುತ್ತಾರೆ, ಅದನ್ನು ಕೆಡಿಸಿಕೊಳ್ಳಲು ಇಷ್ಟವಿಲ್ಲ.

೧. ಆರು ಕೊಡ

ನಾನು ಓದಿದ್ದು ನಾಲ್ಕನೇ ತರಗತಿ. ಆಮೇಲೆ ಕಡೂರಿನಲ್ಲಿ ಒಬ್ಬ ಓವರ್ಸಿಯರ ಹಿಂದೆ ಅಳತೆಯ ಸರಪಳಿ ಹಿಡಿದುಕೊಂಡು ನಾಲ್ಕು ವರ್ಷ ಬಿಸಿಲಲ್ಲಿ ನಡೆದೆ. ಅವರು ಹರಿದುಹೋಯಿತೆಂದು ಬಿಸಾಡಿದ ಒಂದು ಎಂಜಿನಿಯರಿಂಗ್ ಪುಸ್ತಕವನ್ನು ಎತ್ತಿಕೊಂಡು, ಇಂಗ್ಲಿಷು, ಲೆಕ್ಕ ಎರಡನ್ನೂ ಅದರಲ್ಲೇ ಕಲಿತೆ. ಮೊದಲ ಹನ್ನೆರಡು ಪುಟ ಇರಲಿಲ್ಲ. ಆದ್ದರಿಂದ ನನ್ನ ವಿದ್ಯೆಯೆಲ್ಲ ಹದಿಮೂರನೇ ಪುಟದಿಂದ ಶುರುವಾಗುತ್ತದೆ.

ಒಮ್ಮೆ ಒಂದು ಗುಂಡನೆಯ ಗಾರೆ ತೊಟ್ಟಿ ಕಟ್ಟಿ ಮುಗಿಸಿದ್ದರು. ಅದಕ್ಕೆ ಎಷ್ಟು ಕೊಡ ನೀರು ಹಿಡಿಯುತ್ತದೆಂದು ನೋಡಬೇಕಿತ್ತು. ಹೆಂಗಸರು ಬಾವಿಯಿಂದ ನೀರು ಹೊತ್ತು ತಂದರು. ನಾನು ದಾರಿಯಲ್ಲಿ ಮರದ ನೆರಳಿಗೆ ಕೂತು, ಹೋದ ಕೊಡಕ್ಕೊಂದು ಗೆರೆಯಂತೆ ಎರಡು ದಿನ ಗೀಚಿದೆ. ಓವರ್ಸಿಯರು ಎರಡನೇ ದಿನ ಸಂಜೆ ಬಂದು, ತೊಟ್ಟಿಯ ಅಡ್ಡಗಲ ಹಿಡಿದು, ಆಳ ಹಿಡಿದು, ಕಾಗದದ ಮೇಲೆ ಒಂದೇ ಒಂದು ಸಾಲು ಬರೆದರು. ನನ್ನ ಎರಡು ದಿನದ ಗೆರೆಗೂ ಅವರ ಒಂದು ಸಾಲಿಗೂ ಆರು ಕೊಡದ ವ್ಯತ್ಯಾಸ.

ನಾನು ಜಗಳಕ್ಕೆ ನಿಂತೆ. "ನಾನು ಕಣ್ಣಾರೆ ಎಣಿಸಿದ್ದೀನಿ ಸಾರ್. ನಿಮ್ಮ ಸೂತ್ರ ಆರು ಕೊಡ ನುಂಗಿದೆ."

ನೀರು ಹೊತ್ತ ಹೆಂಗಸೊಬ್ಬಳು ಸಿಂಬೆ ತೆಗೆಯುತ್ತ ಅಂದಳು: "ಎರಡು ದಿನ ಕೂತಲ್ಲೇ ಕೇಳಿಕೇಳಿ ಕುಡಿದ್ಯಲ್ಲ, ಮಕ ತೊಳ್ಕೊಂಡ್ಯಲ್ಲ, ಅದು ಯಾವ ನೀರು ಅನ್ಕೊಂಡಿದ್ದೆ ಕಣಪ್ಪ?"

ಅವತ್ತಿನಿಂದ ನನಗೆ ಸೂತ್ರದ ಮೇಲೆ ಒಂದು ಬಗೆಯ ಮೋಹ ಹತ್ತಿತು. ಓವರ್ಸಿಯರ ಮೇಲೆ ಅಲ್ಲ. ಈ ಮಾತು ನೆನಪಿರಲಿ.

೨. ಗೋಡೆ ಇರುವ ಕೆರೆ

ಕಚೇರಿಯವರ ಜೊತೆ ಬಾಯಿ ಮಾಡಿ ಕೆಲಸ ಬಿಟ್ಟು ಊರಿಗೆ ಬಂದೆ. ನಮ್ಮೂರು ಅಜ್ಜಂಪುರದಿಂದ ಎರಡು ಹರಿದಾರಿ. ಬೇಸಾಯದ ಜೊತೆಗೆ ಅರ್ಜಿ ಬರೆಯುವ ಕೆಲಸ ಹಚ್ಚಿಕೊಂಡೆ. ದಾರಿ ಕೆಟ್ಟರೆ ಅರ್ಜಿ, ಕಂದಾಯ ಏರಿದರೆ ಅರ್ಜಿ, ಹೋದ ಅರ್ಜಿಗೆ ಉತ್ತರ ಬರದಿದ್ದರೆ ಅದಕ್ಕೂ ಅರ್ಜಿ.

ಒಂದು ವರ್ಷ ಬೇಸಿಗೆ ಬೆಳೆಗೆ ಮುಂಚೆ ಅದೇ ಓವರ್ಸಿಯರು ರೈಲಿನಲ್ಲಿ ಅಜ್ಜಂಪುರಕ್ಕೆ ಬಂದು, ಗಾಡಿ ಹತ್ತಿ, ನಮ್ಮ ಕೆರೆಗೆ ಬಂದರು. ತೂಬು ತೆಗೆದರೆ ನೀರು ಎಷ್ಟು ದಿನ ಬರುತ್ತದೆಂದು ಹೇಳುವುದು ಅವರ ಕೆಲಸ. ನೂರು ದಿನ ಬಂದರೆ ನಾಲ್ಕು ತಿಂಗಳ ಉದ್ದ ಭತ್ತ ಹಾಕಬಹುದು. ಅಕ್ಕಿ ಸಣ್ಣ, ಹುಲ್ಲು ಎತ್ತರ. ಬರದಿದ್ದರೆ ಎರಡೂವರೆ ತಿಂಗಳಿಗೆ ಕೊಯ್ಲಾಗುವ ಗಿಡ್ಡ ಭತ್ತ. ಬೀಜ ತಪ್ಪಿದರೆ ಊರಿಗೆ ಊರೇ ಕೈ ಬಾಯಿ ನೋಡಬೇಕು.

ಓವರ್ಸಿಯರು ತೂಬಿನ ಕಲ್ಲುಕಂಬದ ಹತ್ತಿರ ಆಳ ನೋಡಿದರು. ಹತ್ತು ಗೇಣು. ಮೇಲಿನ ನೀರಿನ ಹರವನ್ನೂ ತಳದ ಹರವನ್ನೂ ಕೂಡಿಸಿ ಅರ್ಧ ಮಾಡಿದರು. ಒಂದು ವರ್ಗಮೂಲ ತೆಗೆದರು. ಒಂದು ಸಾಲು. "ನೂರು ದಿನ."

ಪಕ್ಕದಲ್ಲಿ ನಮ್ಮ ನೀರಗಂಟಿ ಅಜ್ಜ ನಿಂತಿದ್ದ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಗದ್ದೆ ಗದ್ದೆಗೆ ನೀರು ಹಂಚುವುದು ಅವನ ಕೆಲಸ. ಅವನ ಅಪ್ಪನದೂ ಅದೇ ಕೆಲಸವಾಗಿತ್ತು. ಅವನು ಕೇಳಿದ: "ಬುದ್ಧಿ, ಅದೆಂಗೆ ಅರ್ಧ ಮಾಡಿದ್ರಿ?"

"ನಿಮ್ಮ ಕೆರೆಯನ್ನು ನಾಲ್ಕು ಕಡೆ ನೇರ ಗೋಡೆ ಇರುವ ತೊಟ್ಟಿ ಅಂತ ಇಟ್ಟುಕೊಂಡೆ. ಹಾಗೆ ಇಟ್ಟುಕೊಳ್ಳದಿದ್ದರೆ ಸೂತ್ರ ಕೂಡುವುದಿಲ್ಲ."

ಅಜ್ಜ ಕೆರೆಯನ್ನೊಮ್ಮೆ ನೋಡಿದ. ಏರಿಯ ಕಡೆ ಆಳವಾಗಿ, ಮೇಲಕ್ಕೆ ಹೋಗುತ್ತ ಹೋಗುತ್ತ ಮೊರದ ಹಾಗೆ ತೆಳ್ಳಗಾಗುವ ಕೆರೆ.

"ಆಗ್ಲಿ ಬುದ್ಧಿ," ಅಂದ. "ಗೋಡೆ ಯಾವಾಗ ಕಟ್ಟಿಸ್ತೀರಿ?"

೩. ಹಗ್ಗ

ಅಜ್ಜನ ಲೆಕ್ಕ ಒಂದು ಹಗ್ಗದಲ್ಲಿತ್ತು. ಹತ್ತು ಗೇಣಿಗೆ ಹತ್ತು ಗಂಟು. ಒಂದು ಗೇಣು ನೀರು ಇಳಿಯಲು ಎಷ್ಟು ದಿನವೋ, ಗಂಟಿನಿಂದ ಗಂಟಿಗೆ ಅಷ್ಟು ಬೆರಳು. ಒಂದೊಂದು ಗೇಣಿಗೂ ನೀರಿನ ಅಂಚು ಎಲ್ಲಿರುತ್ತದೆಂದು ಅವನಿಗೆ ಗೊತ್ತಿತ್ತು: ಇಷ್ಟಿದ್ದರೆ ಹುಣಸೆಮರ, ಇಷ್ಟಿದ್ದರೆ ಹುತ್ತ, ಇಷ್ಟಿದ್ದರೆ ಒಗೆಯುವ ಬಂಡೆ. ಅಷ್ಟಷ್ಟೇ ನೋಡಿ, ಅಷ್ಟಷ್ಟೇ ಕೂಡಿಸಿ ಕಟ್ಟಿದ್ದ. ಮೇಲಿನ ಗಂಟುಗಳು ದೂರ ದೂರ, ಕೆಳಗಿನವು ಹತ್ತಿರ ಹತ್ತಿರ. ಹತ್ತು, ಒಂಬತ್ತು, ಒಂಬತ್ತು, ಎಂಟು, ಏಳು, ಏಳು, ಆರು, ಐದು, ನಾಲ್ಕು, ಎರಡು.

"ಅರವತ್ತೇಳು ದಿನ ಬುದ್ಧಿ."

ಓವರ್ಸಿಯರು ನಕ್ಕರು. "ತಲೆಕೆಳಗಾಗಿ ಕಟ್ಟಿದ್ದೀಯಲ್ಲಯ್ಯ. ನೀರು ಇಳಿದಷ್ಟೂ ಒತ್ತಡ ಕಡಿಮೆ, ತೂಬಿನಲ್ಲಿ ಹರಿವು ನಿಧಾನ. ಕೊನೆಯ ಗೇಣೊಂದೇ ಒಂದು ತಿಂಗಳು ಬರುತ್ತದೆ."

"ನಿಧಾನ ಆಗೋದು ದಿಟ ಬುದ್ಧಿ. ಆದ್ರೆ ಹರಿಯೋಕೆ ನೀರೂ ಇರಬೇಕಲ್ಲ? ತಳದಾಗೆ ಇರೋದು ಒಂದು ಬೊಗಸೆ."

ಓವರ್ಸಿಯರು ಆ ಹಗ್ಗವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿ, ಗಂಭೀರವಾಗಿ ಕೇಳಿದರು: "ಇದರಲ್ಲಿ ವರ್ಗಮೂಲ ಎಲ್ಲಿದೆ?"

"ಇಲಿ ಕಡಿದಿರಬೇಕು ಬುದ್ಧಿ," ಅಂದ ಅಜ್ಜ.

೪. ನನ್ನ ಅರ್ಜಿ

ಇಷ್ಟಕ್ಕೆ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಮೂವತ್ತು ವರ್ಷ ಕೆರೆಯ ಮೇಲೆ ಬದುಕಿದವನನ್ನು ಮೂರು ಗಳಿಗೆ ನೋಡಿದವನು ನಗುವುದೆಂದರೇನು? ಸರ್ಕಾರದ ಸಂಬಳ ತಿನ್ನುವವನಿಗೆ ಮೊರ ಯಾವುದು, ತೊಟ್ಟಿ ಯಾವುದು ಎಂದು ಗೊತ್ತಿರಬೇಡವೆ? ಹಾಗೆಯೇ ಬರೆದೆ. "ಓವರ್ಸಿಯರವರಿಗೆ ಕೆರೆಗೂ ತಮ್ಮ ಮನೆಯ ಹಿತ್ತಲಿನ ಬಚ್ಚಲುತೊಟ್ಟಿಗೂ ವ್ಯತ್ಯಾಸ ತಿಳಿಯದು" ಎಂದು ತರೀಕೆರೆಯ ಅಮಲ್ದಾರರಿಗೆ ಅರ್ಜಿ ಹಾಕಿದೆ.

ಅಮಲ್ದಾರರು ಕುದುರೆ ಏರಿ ಬಂದರು. ಚಾವಡಿಯಲ್ಲಿ ಊರೆಲ್ಲ ಸೇರಿತು. ಅವರು ಕುರ್ಚಿಯಲ್ಲಿ, ಓವರ್ಸಿಯರು ಸ್ಟೂಲಿನಲ್ಲಿ, ಅಜ್ಜ ಬಿಸಿಲಿನಲ್ಲಿ. "ಒಳಗೆ ಬಾ ಅಜ್ಜ" ಅಂತ ನಾನು ಅಂದರೆ ದಫೇದಾರ ನನ್ನನ್ನೂ ಬಿಸಿಲಿಗೆ ಕಳಿಸಿದ.

ಅಮಲ್ದಾರರು ನ್ಯಾಯ ಹೇಳಿದರು: "ಊರವರು ನಾಲ್ಕು ತಿಂಗಳ ಭತ್ತವನ್ನೇ ಹಾಕಿ. ಓವರ್ಸಿಯರ ಲೆಕ್ಕ ತಪ್ಪಿದರೆ ನಾನು ಮೇಲಕ್ಕೆ ಬರೆಯುತ್ತೇನೆ. ಈ ನೀರಗಂಟಿಯ ಲೆಕ್ಕ ತಪ್ಪಿದರೆ ತೂಬು ಇವನ ಕೈ ಬಿಟ್ಟುಹೋಗುತ್ತದೆ. ಆಗಬಹುದೋ?"

"ಆಗ್ಲಿ ಸ್ವಾಮಿ," ಅಂದರು ಊರವರೆಲ್ಲ. ಒಬ್ಬನೂ ತಲೆ ಅಡ್ಡ ಆಡಿಸಲಿಲ್ಲ. ಹೇಡಿಗಳು ಅಂತ ನಾನು ಒಳಗೇ ಬೈದುಕೊಂಡೆ.

ಅಜ್ಜ ಬಿಸಿಲಿನಲ್ಲೇ ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ. ಸಮಾಧಾನ ಹೇಳಬೇಕೆಂದು ನಾನು ಬಾಯಿ ತೆಗೆದೆ.

"ಬ್ಯಾಡ ಕಣಪ್ಪ," ಅಂದ. "ಇನ್ನೊಂದು ಸಲ ನೀನು ನನ್ನ ಪರ ಮಾತಾಡಿದ್ರೆ ಮನೇನೂ ಹೋಗ್ತದೆ."

೫. ಗೋಡೆಯ ಮೇಲೆ ಇದ್ದಿಲು

ಅವನ ತೂಬು ಉಳಿಸಬೇಕಾದರೆ ಓವರ್ಸಿಯರ ಲೆಕ್ಕದಲ್ಲಿ ತಪ್ಪು ಹಿಡಿಯಬೇಕು. ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕವನ್ನು ಮೊದಲಿಂದ ಮಾಡಿದೆ. ನೂರು ಬಂತು. ಪುಸ್ತಕ ತೆಗೆದು ಇನ್ನೊಮ್ಮೆ ಮಾಡಿದೆ. ನೂರು. ಅಡುಗೆಮನೆಯ ಗೋಡೆಗೆ ಹೋಗಿ ಮತ್ತೊಮ್ಮೆ ಮಾಡಿದೆ. ನೂರೇ. ಎಂಥ ಲೆಕ್ಕ ಅದು! ಕೂದಲೆಳೆಯಷ್ಟು ಸಡಿಲವಿಲ್ಲ. ಅತ್ತ ಅಜ್ಜನ ಹಗ್ಗ. ಅಲ್ಲೊಂದು ಹುತ್ತ, ಇಲ್ಲೊಂದು ಬಂಡೆ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: "ತಪ್ಪು ಸಿಕ್ತಾ?"

"ಇಲ್ಲ."

"ಹಂಗಾದ್ರೆ ನನ್ನ ಗೋಡೆ ಯಾರು ಸಾರಿಸ್ತಾರೆ?"

ಆ ವಾರ ಬಿತ್ತನೆಯಾಯಿತು. ಯಾರು ಯಾವ ಬೀಜ ಹಾಕಿದರೆಂದು ಯಾರೂ ಬಾಯಿಬಿಡಲಿಲ್ಲ. ನಾನೂ ಬಿಡಲಿಲ್ಲ.

೬. ಏಳು ಗೇಣು

ತೂಬು ತೆಗೆದ ಇಪ್ಪತ್ತೆಂಟನೇ ದಿನ ಓವರ್ಸಿಯರು ಬಂದರು. ಅವರ ಲೆಕ್ಕದ ಪ್ರಕಾರ ಕಂಬದ ಹತ್ತಿರ ಐದು ಗೇಣು ನೀರು ಉಳಿದಿರಬೇಕು. ಅಳೆದರೆ ಏಳು. ಅವರ ಮುಖ ಅರಳಿತು. "ನೋಡಿದಿರಾ? ನಾನು ಹೇಳಿದ್ದಕ್ಕಿಂತ ಎರಡು ಗೇಣು ಹೆಚ್ಚೇ ಇದೆ. ನೂರಲ್ಲ, ನೂರಿಪ್ಪತ್ತು ದಿನ ಬಂದರೂ ಬಂತು."

ಏರಿಯ ಮೇಲೆ ಎಲ್ಲರೂ ಅಜ್ಜನ ಕಡೆ ತಿರುಗಿದರು. ಯಾರೋ ಒಬ್ಬ, "ಅಜ್ಜ, ಆ ಹಗ್ಗ ಕೊಡು, ಕರೂನಾದ್ರೂ ಕಟ್ತೀನಿ" ಅಂದ. ಇವನ ತೂಬು ಹೋಗುವುದು ನನ್ನ ಅರ್ಜಿಯಿಂದ. ಆದರೂ ಸುಳ್ಳು ಹೇಳಬಾರದು, ಮನಸ್ಸಿನ ಒಂದು ಮೂಲೆಯಲ್ಲಿ ನನಗೆ ಸ್ವಲ್ಪ ಸಂತೋಷವೂ ಆಯಿತು. ಯಾಕೆಂದು ಆಮೇಲೆ ಹೇಳುತ್ತೇನೆ.

ಅಜ್ಜ ಹಗ್ಗ ಬಿಚ್ಚಿ ಮೂರನೇ ಗಂಟಿಗೆ ಬೆರಳಿಟ್ಟ. ಹತ್ತು, ಒಂಬತ್ತು, ಒಂಬತ್ತು. ಇಪ್ಪತ್ತೆಂಟು ದಿನಕ್ಕೆ ಮೂರು ಗೇಣು ಹೋಗಿ ಏಳು ಉಳಿಯಬೇಕು ಅಂತ ಅವನ ಹಗ್ಗವೂ ಹೇಳುತ್ತಿತ್ತು.

"ಬುದ್ಧಿ, ಜಾಸ್ತಿ ಇದ್ರೂ ನಿಮ್ಮ ಲೆಕ್ಕ ತಪ್ಪಿದಂಗೇ ಅಲ್ವಾ?"

"ನೀರು ಜಾಸ್ತಿ ಇರುವಾಗ ತಪ್ಪಿನ ಮಾತು ಯಾಕಯ್ಯಾ?" ಅಂದರು ಓವರ್ಸಿಯರು. ಹಾಗೆ ಅಂದು ಗಾಡಿ ಹತ್ತಿದರು. ಗಾಡಿಯವನು ಆಮೇಲೆ ಹೇಳಿದ, ಅಜ್ಜಂಪುರದ ಸ್ಟೇಷನ್ನಿನವರೆಗೂ ಅವರು ಬೆರಳು ಮಡಿಸಿ ಎಣಿಸುತ್ತಲೇ ಇದ್ದರಂತೆ. ಹತ್ತು, ಒಂಬತ್ತು, ಒಂಬತ್ತು.

೭. ಅರವತ್ತೇಳು

ಕೆರೆ ಅರವತ್ತನೇ ದಿನದವರೆಗೂ ಮರ್ಯಾದೆಯಿಂದ ಇತ್ತು. ಆಮೇಲಿನ ಒಂದು ವಾರ ನೀರು ಓಡಿಹೋದ ಹಾಗೆ ಹೋಯಿತು. ಅರವತ್ತೇಳನೇ ದಿನ ಅಮಲ್ದಾರರು, ಓವರ್ಸಿಯರು ಬಂದು ನೋಡಿದಾಗ ತೂಬಿನ ಮುಂದೆ ಕೆಸರು, ಕೆಸರಿನಲ್ಲಿ ಕೊಕ್ಕರೆ.

ಅಮಲ್ದಾರರ ಮುಖ ಕಪ್ಪಿಟ್ಟಿತು. ನಾಲ್ಕು ತಿಂಗಳ ಭತ್ತ ಹಾಕಿ ಅಂದವರು ಅವರೇ ತಾನೆ? ಊರಿನ ಬೆಳೆಯೆಲ್ಲ ಒಣಗಿತೆಂದು ಗಾಬರಿಯಿಂದ ಏರಿಯ ಈಚೆಗೆ ಬಂದು ಬಗ್ಗಿ ನೋಡಿದರು. ಅಚ್ಚುಕಟ್ಟಿನ ತುಂಬ ಗಿಡ್ಡ ಭತ್ತ ಹೊಂಬಣ್ಣಕ್ಕೆ ತಿರುಗಿ ತೆನೆ ಬಗ್ಗಿಸಿ ನಿಂತಿತ್ತು. ಒಂದೆರಡು ಕಡೆ ಕೊಯ್ಲೂ ಶುರುವಾಗಿತ್ತು.

"ಚಾವಡಿಯಲ್ಲಿ ಎಲ್ಲರೂ ಆಗಲಿ ಅಂದಿರಲ್ಲ?"

ಪಟೇಲರು ಕೈಮುಗಿದರು. "ಅಂದ್ವಿ ಸ್ವಾಮಿ. ತಾವು ಅಷ್ಟು ದೂರದಿಂದ ಬಂದು ಹೇಳಿದ್ಮೇಲೆ ಇಲ್ಲ ಅನ್ನೋಕಾಗ್ತದಾ? ಬಿತ್ತೋವಾಗ ಮಾತ್ರ ಅಜ್ಜನ ಹಗ್ಗ ನೋಡ್ಕೊಂಡ್ವಿ."

ಅವರನ್ನು ಹೇಡಿಗಳು ಅಂತ ಬೈದಿದ್ದೆನಲ್ಲ, ಆ ಮಾತನ್ನು ಇಲ್ಲಿ ವಾಪಸು ತೆಗೆದುಕೊಳ್ಳುತ್ತೇನೆ.

ಅಮಲ್ದಾರರು ಅಜ್ಜನನ್ನು ಕರೆದು, "ತೂಬು ನಿನ್ನ ಕೈಯಲ್ಲೇ ಇರಲಿ" ಅಂದರು. ಅಜ್ಜ ಹಗ್ಗ ಮಡಿಚಿ ಸೊಂಟಕ್ಕೆ ಸಿಕ್ಕಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಮಲ್ದಾರರ ಕಣ್ಣು ಚುರುಕು.

"ಅದೇನದು, ನಡುವೆ ಒಂದು ಮಡಿ ಹಸಿರಾಗಿದೆ? ಇನ್ನೂ ತೆನೆಯೇ ಬಂದಿಲ್ಲ. ತುದಿ ಆಗಲೇ ಒಣಗುತ್ತಿದೆ. ನಾಲ್ಕು ತಿಂಗಳ ಭತ್ತ ಅಲ್ಲವೆ? ಯಾರದು?"

ಊರವರೆಲ್ಲ ಆಕಾಶ ನೋಡಿದರು. ನಾನೂ ನೋಡಿದೆ. ಪಕ್ಕದ ಮಡಿಯಲ್ಲಿ ಕುಡುಗೋಲು ಹಿಡಿದು ಬಗ್ಗಿದ್ದ ನನ್ನ ಹೆಂಡತಿ ನೆಟ್ಟಗೆ ನಿಂತಳು.

"ನಮ್ಮದೇ ಸ್ವಾಮಿ. ಮಿಕ್ಕಿದ್ದಕ್ಕೆಲ್ಲ ನಾನು ಗಿಡ್ಡ ಭತ್ತ ಹಾಕಿಸ್ದೆ. ಅದೊಂದು ಮಡಿ ನಮ್ಮ ಯಜಮಾನ್ರದು. ಆ ಓವರ್ಸಿಯರ ಲೆಕ್ಕ ಮೂರು ಸಲ ಮಾಡಿ ನೋಡಿದ್ರು. ಮೂರು ಸಲಾನೂ ಸರಿಯಾಗೇ ಬಂತಂತೆ."

ಅಜ್ಜ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಕೆಮ್ಮು ಬರುವವರೆಗೂ ನಕ್ಕ. ಅಮಲ್ದಾರರು ರುಮಾಲು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡರು. ಓವರ್ಸಿಯರು ಮಾತ್ರ ನಗಲಿಲ್ಲ. ಗದ್ದೆಯ ಬದುವಿನ ಮೇಲೆ ಬೂಟು ಜಾರಿಸಿಕೊಂಡು ನನ್ನ ಹತ್ತಿರ ಬಂದು, ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು ಬಂದಿತ್ತೋ ಏನೋ.

"ಈ ತಾಲ್ಲೂಕಿನಲ್ಲಿ ನನ್ನ ಮೇಲೆ ಅರ್ಜಿ ಬರೆದವರೂ ನೀವೊಬ್ಬರೇ," ಅಂದರು, "ನನ್ನ ಲೆಕ್ಕ ನಂಬಿದವರೂ ನೀವೊಬ್ಬರೇ."