ಉತ್ತೇಜನಾರ್ಥದ ಪೇಢೆ

ಸಂತೋಷವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಸುಮ್ಮನೆ ಕೂಡುವ ಜನರನ್ನು ಕಂಡರೆ ನನಗೆ ಭಾಳ ಗೌರವ. ಆದರೆ ನಾನು ಆ ಪೈಕಿ ಅಲ್ಲ. ದುಃಖವನ್ನಾದರೆ ಮುಚ್ಚಿಡಬಲ್ಲೆ; ಗಡಹಿಂಗ್ಲಜದ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತ ಮುದುಕನಾದವನ ಕಣ್ಣಲ್ಲಿ ನೀರು ಬಂದರೆ ಯಾರೂ ಕಾರಣ ಕೇಳುವುದಿಲ್ಲ. ಸಂತೋಷಕ್ಕೆ ಮಾತ್ರ ಅಂಥ ಮರೆ ಇಲ್ಲ. ಮೊಮ್ಮಗ ಬಸವರಾಜ ಮ್ಯಾಟ್ರಿಕ್ ಪಾಸಾದಾಗ ನನ್ನ ಗೆಳೆಯರು ನನ್ನನ್ನು ದೂರದಿಂದ ಕಂಡರೇ ಓಣಿ ಬದಲಿಸುತ್ತಿದ್ದರು. ಇನ್ನು ಅವನ ಆಫೀಸಿಗೆ ಪರದೇಶದ ಬಹುಮಾನ ಬಂದಿತೆಂದರೆ ನನ್ನ ಗತಿ ಏನಾಗಿರಬೇಕು, ನೀವೇ ಯೋಚಿಸಿ.

ಬಸವರಾಜ ಕೊಲ್ಹಾಪುರದ ಲಕ್ಷ್ಮೀಪುರಿಯಲ್ಲಿ ಒಬ್ಬ ಆರ್ಕಿಟೆಕ್ಟ್ ಸಾಹೇಬರ ಹತ್ತಿರ ನಕಾಶೆ ಬರೆಯುತ್ತಾನೆ. ಸಾಹೇಬರು ನಮ್ಮ ಕಡೆಯವರೇ, ಕನ್ನಡ ಮಾತಾಡುತ್ತಾರೆ. ನಾಲ್ಕನೇ ಇಯತ್ತೆ ಕಲಿತ ನನಗೆ ಆರ್ಕಿಟೆಕ್ಟ್ ಎಂದರೆ ಯಾರು ಎಂದು ತಿಳಿಯಲು ಬಹಳ ದಿನ ಹಿಡಿಯಿತು. ರೊಕ್ಕ ಹಾಕುವವನು ಮಾಲಕ, ಕಟ್ಟುವವನು ಗೌಂಡಿ, ನಡುವೆ ಇಬ್ಬರಿಂದಲೂ ಬೈಸಿಕೊಳ್ಳುವವನು ಆರ್ಕಿಟೆಕ್ಟ್. ನಮ್ಮ ಸಾಹೇಬರು ಇಚಲಕರಂಜಿಯಲ್ಲಿ ನೇಕಾರರ ಸೊಸೈಟಿಗೆ ಒಂದು ಮಗ್ಗದ ಶೆಡ್ಡು ಕಟ್ಟಿಸಿದ್ದರು. ಶೆಡ್ಡಿನ ನಡುವೆ ಒಂದು ತೆರೆದ ಅಂಗಳ, ಅದರಲ್ಲಿ ಮೊದಲಿನಿಂದ ಇದ್ದ ಬೇವಿನ ಗಿಡ. ಆ ಅಂಗಳ ನಮ್ಮ ಬಸವರಾಜನ ಕೈಯದು. ದಿನವೆಲ್ಲ ಖಟಖಟ ಕೇಳಿ ಕಿವುಡಾದ ನೇಕಾರರು ಅಲ್ಲಿ ಬಂದು ರೊಟ್ಟಿ ಬಿಚ್ಚಿದಾಗ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿತ್ತು. ಆದರೆ ಸೊಸೈಟಿಯ ಕಮಿಟಿಯವರ ಕಣ್ಣಿಗೆ ಅದು ಅಂಗಳವಾಗಿ ಕಾಣಲಿಲ್ಲ, ಮಗ್ಗ ಇಡದೆ ಬಿಟ್ಟ ಜಾಗವಾಗಿ ಕಂಡಿತು. ಗಿಡ ಕಡಿದು, ಮೇಲೆ ತಗಡು ಹೊದಿಸುವ ಮಾತು ನಡೆದಿತ್ತು. ಬಸವರಾಜ ಊಟ ಬಿಟ್ಟು ಸೊರಗಿದ.

ಅದೇ ಹೊತ್ತಿಗೆ ಸಾಹೇಬರು ಆ ಶೆಡ್ಡಿನ ನಕಾಶೆ, ಫೋಟೋ ಎಲ್ಲ ಕಟ್ಟಿ ಪರದೇಶದ ಸ್ಪರ್ಧೆಗೆ ಕಳಿಸಿದರು. ನಾನು ಕೇಳಿದೆ, “ಅವರು ಬಂದು ನೋಡತಾರೇನ್ರಿ?”

“ಇಲ್ಲರಿ ಅಜ್ಜಾರ, ಫೋಟೋ ನೋಡೇ ಹೇಳತಾರ.”

“ಬರೇ ಫೋಟೋ ನೋಡಿ ಲಗ್ನಾ ಮಾಡಿದಂಗ ಆತಲ್ರಿ. ತಂಪು ಹೆಂಗ ಕಾಣಬೇಕು ಅದರಾಗ?”

ಸಾಹೇಬರು ನಕ್ಕರು. “ಅಜ್ಜಾರ, ನಾವು ನಾಕ ಮಂದಿ ಬಾಗಲಾ ಹಾಕ್ಕೊಂಡು ಗೀಟ ಎಳಕೋತ ಕುಂತಿರತೇವಿ. ಮಾಡಿದ್ದು ಖರೇನೋ ಹುಚ್ಚೋ, ಗುರುತಿಲ್ಲದವರು ಯಾರರ ಹೇಳಬೇಕಲ್ರಿ. ಮತ್ತ ಒಂದ ಮಾತ. ನಾವು ಚಲೋ ಐತಿ ಅಂದ್ರ ಕಮಿಟಿ ಕೇಳೂದಿಲ್ಲ. ಸಮುದ್ರದ ಆಚೆಯವರು ಅಂದ್ರ ಕೇಳತೈತಿ.”

ಇದು ನನಗೆ ಒಪ್ಪಿಗೆಯಾಯಿತು. ನಮ್ಮ ಬೀಗರೊಬ್ಬರ ಬೆಲ್ಲಕ್ಕೆ ಒಮ್ಮೆ ಪ್ರದರ್ಶನದಲ್ಲಿ ಬಹುಮಾನ ಬಂದಿತ್ತು. ಆ ಬೆಲ್ಲದ ಪೆಂಟೆಯನ್ನು ಅವರು ಮಾರಲಿಲ್ಲ, ತಿನ್ನಲಿಲ್ಲ, ಮನೆಯ ಗಾಜಿನ ಕಪಾಟಿನಲ್ಲಿ ಇಟ್ಟರು. ಮೊಮ್ಮಕ್ಕಳು ಬೆಲ್ಲ ಕೇಳಿ ಅತ್ತರೆ ಪೇಟೆಯಿಂದ ತರಿಸುತ್ತಿದ್ದರು. ಬಹುಮಾನ ಬಂದ ವಸ್ತುವಿನ ಮೇಲೆ ಕೈ ಇಡಲು ಮನುಷ್ಯ ಹೆದರುತ್ತಾನೆ. ಇರುವೆ ಮಾತ್ರ ಹೆದರುವುದಿಲ್ಲ.

ಒಂದು ಮುಂಜಾನೆ ಕ್ಷೌರಕ್ಕೆ ಕುಳಿತಿದ್ದೆ. ಪಕ್ಕದಲ್ಲಿ ಮರಾಠಿ ಪೇಪರು ಓದುತ್ತಿದ್ದ ಗಿರಾಕಿ ಹೇಳಿದ, “ಅಜ್ಜಾರ, ನಿಮ್ಮ ಮೊಮ್ಮಗನ ಆಫೀಸಿಗೆ ಪರದೇಶದ ಬಕ್ಷೀಸ್ ಬಂದೈತ್ರಿ. ಉತ್ತೇಜನಾರ್ಥ ಅಂತ.”

“ಪಹಿಲಾ, ದುಸರಾ ಅಲ್ಲೇನು?”

“ಅವು ಬ್ಯಾರೆ ದೇಶದವರಿಗೆ ಹೋಗ್ಯಾವ್ರಿ. ನಿಮಗ ಇದು.”

ಅರ್ಧ ಗಡ್ಡದಲ್ಲೇ ಎದ್ದೆ. ಪಹಿಲಾ, ದುಸರಾ ಎಂಬುವು ಬರೀ ಅಂಕಿ, ಬಸ್ಸಿಗೂ ಇರುತ್ತವೆ. ಉತ್ತೇಜನಾರ್ಥ ಎಂಬುದರ ಗತ್ತೇ ಬೇರೆ. ಸುರುವಿಗೆ ಉತ್ತಮದ ‘ಉತ್ತ’ ಇದೆ, ನಡುವೆ ತೇಜ ಇದೆ, ಕೊನೆಗೆ ಅರ್ಥವೂ ಇದೆ. ಇಷ್ಟೆಲ್ಲ ಒಂದೇ ಶಬ್ದದಲ್ಲಿ ತುಂಬಿ ಕೊಟ್ಟಿದ್ದಾರೆಂದರೆ ಪಹಿಲಾಕ್ಕಿಂತ ಮೇಲಿನದೇ ಇರಬೇಕು.

“ಹುಡುಗನ್ನ ಒಂದ ಮಾತ ಕೇಳಿ ಹೋಗ್ರಿ,” ಎಂದಳು ನಮ್ಮಾಕಿ, ನಾನು ಮನೆಗೆ ಬಂದು ಬುಟ್ಟಿ ಹುಡುಕುವಾಗ.

“ಪೇಪರಿನ್ಯಾಗ ಬಂದದ್ದನ್ನ ಕೇಳೂದೇನ?”

“ಗಡ್ಡರ ಪೂರಾ ಮಾಡಿಸ್ಕೋರಿ.”

ಬುಟ್ಟಿ ತುಂಬ ಪೇಢೆ ತೆಗೆದುಕೊಂಡು ಇಚಲಕರಂಜಿಗೆ ಹೋದೆ. ಅಂಗಳದಲ್ಲಿ ಆಗಲೇ ತಗಡುಗಳು ಬಂದು ಗೋಡೆಗೆ ಒರಗಿದ್ದವು. ಬೇವಿನ ಗಿಡದ ಕೆಳಗೇ ಕಮಿಟಿ ಕುಳಿತಿತ್ತು, ಅದನ್ನು ಯಾವಾಗ ಕಡಿಯುವುದೆಂದು ಗೊತ್ತುಮಾಡಲು; ಹೊರಗೆ ಬಿಸಿಲು ಇತ್ತಲ್ಲ. ನಾನು ನಡುವೆ ನಿಂತು, ಪರದೇಶದವರು ಈ ಅಂಗಳಕ್ಕೆ ಉತ್ತೇಜನಾರ್ಥ ಕೊಟ್ಟಿದ್ದಾರೆಂದು ಕೂಗಿ ಹೇಳಿ, ಚೇರ್ಮನ್ನರ ಬಾಯಿಗೆ ನನ್ನ ಕೈಯಿಂದಲೇ ಪೇಢೆ ಹಾಕಿದೆ. ಮಗ್ಗ ನಿಲ್ಲಿಸಿ ನೇಕಾರರು ಬಂದರು, ಬುಟ್ಟಿ ಖಾಲಿಯಾಯಿತು. ಕೆಲವರು ಮೊದಲ ಸಲ ನೋಡುವವರಂತೆ ಗಿಡವನ್ನು ಕತ್ತೆತ್ತಿ ನೋಡಿದರು. ಚೇರ್ಮನ್ನರು ನನ್ನ ಅರ್ಧ ಗಡ್ಡವನ್ನೇ ನೋಡುತ್ತ ಪೇಢೆ ಅಗಿದರು.

ಅಲ್ಲಿಂದ ಕೊಲ್ಹಾಪುರಕ್ಕೆ ಹೋಗಿ ಬಸವರಾಜನಿಗೆ ನಡೆದದ್ದು ಹೇಳಿದೆ. ಅವನು ಪೆನ್ಸಿಲು ಕೆಳಗಿಟ್ಟ.

“ಅಜ್ಜಾ, ಉತ್ತೇಜನಾರ್ಥ ಅಂದ್ರ ಮೂರೂ ನಂಬರ್ ತಪ್ಪಿದವರು ಮನಸ್ಸ ಸಣ್ಣ ಮಾಡ್ಕೋಬಾರದು ಅಂತ ಬೆನ್ನ ತಟ್ಟೂದು.”

ನಾನು ಕುಳಿತುಬಿಟ್ಟೆ. ಆದರೂ ಕುಳಿತಲ್ಲಿಯೇ ಒಂದು ವಿಚಾರ ಬಂತು. ಇಚಲಕರಂಜಿ ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲದ ಯಾರೋ ಒಬ್ಬರು, ರಾಶಿ ಫೋಟೋಗಳ ನಡುವೆ ನಮ್ಮದರ ಹತ್ತಿರ ತುಸು ನಿಂತಿರಬೇಕಲ್ಲವೆ? ಆ ಬೇವಿನ ನೆರಳು ಅವರಿಗೆ ಒಂದಿಷ್ಟು ತಟ್ಟಿರಬೇಕಲ್ಲವೆ? ಬೆನ್ನು ತಟ್ಟಬೇಕಾದರೂ ಹತ್ತಿರ ಬರಬೇಕಾಗುತ್ತದೆ.

ಅಷ್ಟಾದರೂ ಸುಳ್ಳಿನ ಪೇಢೆ ಹಂಚಿದೆನಲ್ಲ ಎಂದು ಮನಸ್ಸು ತಡೆಯಲಿಲ್ಲ. ಮರುದಿನ ಚೇರ್ಮನ್ನರ ಮನೆಗೆ ಹೋಗಿ ಶಬ್ದದ ಅರ್ಥ ಬಿಡಿಸಿ ಹೇಳಿದೆ.

“ನನಗ ನಿನ್ನೇನ ಗೊತ್ತಿತ್ರಿ,” ಎಂದರು ಅವರು. “ನನ್ನ ಮಗಳಿಗೆ ಸಾಲ್ಯಾಗ ವರ್ಷಾ ಅದ ಬರತೈತಿ.”

“ಮತ್ತ ಯಾಕ ಸುಮ್ನ ಕುಂತ್ರಿ?”

“ಬಾಯಾಗ ಪೇಢೆ ಇತ್ತಲ್ರಿ. ಅದು ಇಳಿಯೂದ್ರಾಗ ನೇಕಾರರು ಸುತ್ತ ನಿಂತ್ರು. ಹೊರಗಿನವರು ಮೆಚ್ಚಿದ ಅಂಗಳಾ ನಾವ್ಯಾಕ ಮುಚ್ಚೂದ್ರಿ ಅಂದ್ರು. ಕುಂತಿದ್ದು ಅದರ ನೆರಳಾಗನ. ಏನ ಹೇಳ್ಲಿ? ತಗಡ ವಾಪಸ್ ಕಳಿಸೇನಿ.”

ಸಾಹೇಬರು ಈಗ ಮತ್ತೊಂದು ಸ್ಪರ್ಧೆಗೆ ನಕಾಶೆ ಕಟ್ಟುತ್ತಿದ್ದಾರೆ. ಮೊನ್ನೆ ನಾನು ಹೋದಾಗ ಬಸವರಾಜ ಹೇಳಿದ, “ಸಾಹೇಬರ, ಈ ಸಲ ಏನರ ಬಂದ್ರ ಮೊದಲ ಅರ್ಥ ತಿಳ್ಕೊಂಡು ಆಮ್ಯಾಲ ಅಜ್ಜಗ ಹೇಳೂಣ್ರಿ.”

ಸಾಹೇಬರು ಅಂಟು ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ. “ಬ್ಯಾಡಪಾ. ಮೊದಲ ಅಜ್ಜಾರಿಗೆ ಹೇಳು. ಅರ್ಥ ತಿಂಗಳ ಬಿಟ್ಟು ಹೇಳಿದ್ರ ಆತು.”

ಇದು ನನ್ನನ್ನು ಹೊಗಳಿದ್ದೆಂದೇ ನಾನು ತಿಳಿದುಕೊಂಡಿದ್ದೇನೆ. ನಮ್ಮಾಕಿಯ ಅಭಿಪ್ರಾಯ ಬೇರೆ ಇದೆ. ಅದನ್ನು ನಾನು ಕೇಳಿಲ್ಲ.