ದೊಡ್ಡಪ್ಪ ಕಟ್ಟಿದ ಲಂಗೋಟಿ

ಇಡೀ ರಾಯಚೂರು ಜಿಲ್ಲೆಯಲ್ಲಿ ಕೂಸಿಗೆ ಸರಿಯಾಗಿ ಲಂಗೋಟಿ ಕಟ್ಟಲು ಬರುವುದು ಒಬ್ಬರಿಗೇ ಎಂದು ನಮ್ಮ ದೊಡ್ಡಪ್ಪ ಹೇಳುತ್ತಿದ್ದರು. ಆ ಒಬ್ಬರು ಯಾರು ಅಂತೀರಾ? ನಾವು ಕೇಳುವ ಮೊದಲೇ ಅವರು ತಮ್ಮ ಎದೆ ತಟ್ಟಿಕೊಂಡಿರುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ಚೊಚ್ಚಲ ಬಾಣಂತನಕ್ಕೆ ನಾನು ರಾಯಚೂರಿನ ತವರಿನಲ್ಲಿದ್ದೆ. ಮಾನ್ವಿಯಿಂದ ಮೊಮ್ಮಗನನ್ನು ನೋಡಲು ಬಂದ ದೊಡ್ಡಪ್ಪ, ಮುಖ ನೋಡುವ ಮೊದಲು ಲಂಗೋಟಿ ನೋಡಿದರು.

“ಯಾರವ್ವಾ ಇದನ್ನ ಕಟ್ಟಿದವರು? ಲಂಗೋಟಿ ಅಂತೀರೋ, ಹತ್ತಿ ಗಂಟು ಅಂತೀರೋ?”

“ನಾನಾ ಕಟ್ಟೀನ್ರಿ ಭಾವಾರ,” ಎಂದಳು ಅವ್ವ. “ನೀವು ಹೊರಗ ಕುಂದರ್ರಿ, ಚಾ ಕಳಸ್ತೀನಿ.”

ದೊಡ್ಡಪ್ಪ ಕೂರುವವರೇ? ತಲೆದಿಂಬನ್ನು ಎಳೆದುಕೊಂಡು, ಬಟ್ಟೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿ, ದಿಂಬಿಗೆ ಲಂಗೋಟಿ ಕಟ್ಟಿ ತೋರಿಸಿದರು. ಬಲು ಚೆಂದವಾಗಿತ್ತು. ದಿಂಬು ಕಾಲು ಝಾಡಿಸುವುದಿಲ್ಲ ನೋಡಿ. ಆಮೇಲೆ ಕೂಸಿಗೂ ಕಟ್ಟಿ, ಹೆಮ್ಮೆಯಿಂದ ಎತ್ತಿದರು. ಕೂಸು ಮೇಲೆ ಬಂತು, ಲಂಗೋಟಿ ಹಾಸಿಗೆಯಲ್ಲೇ ಉಳಿಯಿತು.

“ಬಟ್ಟಿ ಹೊಸಾದು ಅದ. ಜಾರ್ತದ,” ಎಂದರು ದೊಡ್ಡಪ್ಪ, ಸ್ವಲ್ಪವೂ ಕುಗ್ಗದೆ.

ಮುಂದಿನ ಸಲ ತಮ್ಮ ಹಳೆಯ ಧೋತರವನ್ನೇ ಹರಿದು ತುಂಡು ಮಾಡಿ ತಂದರು. ಅದು ಹಳೆಯದಲ್ಲವೆಂದು ಆಮೇಲೆ ದೊಡ್ಡವ್ವನಿಂದ ತಿಳಿಯಿತು. ಯಾರದೋ ಮದುವೆಗೆ ಉಡಲೆಂದು ತೆಗೆದಿಟ್ಟದ್ದಂತೆ.

ಕೂಸನ್ನು ಗಂಡನ ಮನೆಗೆ ಕರೆದೊಯ್ಯುವ ದಿನ ಬಂತು. ದೇವದುರ್ಗದ ನಮ್ಮ ಅತ್ತೆ ಕಟ್ಟುನಿಟ್ಟಿನ ಹೆಂಗಸು. ಒದ್ದೆ ಕೂಸನ್ನು ಅವರ ಕೈಗಿಟ್ಟರೆ ನನ್ನ ತವರಿನ ಮಾನ ಉಳಿದೀತೇ? ಬಸ್ಸಿನಲ್ಲಿ ಜೊತೆಗೆ ದೊಡ್ಡಪ್ಪ ಇದ್ದರು. ಅರ್ಧ ದಾರಿಗೆ ಕೂಸು ತೋಯಿಸಿಕೊಂಡಿತು. ನಾನು ಕೈ ಚಾಚುವಷ್ಟರಲ್ಲಿ ದೊಡ್ಡಪ್ಪ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಲಂಗೋಟಿ ಬಿಚ್ಚಿಯೇ ಬಿಟ್ಟರು. ಬಸ್ಸಿಗೆ ಬಸ್ಸೇ ಸಲಹೆ ಕೊಡತೊಡಗಿತು.

“ಬಿಗಿ ಮಾಡಬ್ಯಾಡ್ರಿ ಯಪ್ಪಾ, ಹೊಟ್ಟಿ ನೋಯ್ತದ,” ಎಂದಳು ಹಿಂದಿನ ಸೀಟಿನ ಮುದುಕಿ.

“ಸುಮ್ಮನಿರು ಯವ್ವಾ. ಗಂಟು ಹೊಟ್ಟಿ ಮ್ಯಾಲ ಬರಬಾರ್ದು, ಬಾಜೂಕ ಬರಬೇಕು,” ಎಂದು ದೊಡ್ಡಪ್ಪ ಪಾಠ ಶುರು ಮಾಡಿದ್ದೇ ತಡ, ನನ್ನ ಮಗ ಬಿಟ್ಟ ಕಾರಂಜಿ ನೇರವಾಗಿ ಕಂಡಕ್ಟರನ ಖಾಕಿ ಅಂಗಿಗೆ ಹೋಗಿ ಮುಟ್ಟಿತು.

“ಟಿಕೀಟ ಇಲ್ಲದ ಪ್ಯಾಸಿಂಜರಿಗೆ ಇಷ್ಟು ಸೊಕ್ಕೇನ್ರಿ ಹಿರ್ಯಾರ?” ಎಂದ ಕಂಡಕ್ಟರ್.

ಬಸ್ಸೆಲ್ಲ ನಕ್ಕಿತು. ದೊಡ್ಡಪ್ಪ ಮಾತ್ರ ನಗಲಿಲ್ಲ. ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಹಿಡಿದು, ತಗ್ಗುದಿನ್ನೆಯ ರಸ್ತೆಯಲ್ಲಿ ಬಸ್ಸು ಎಗರಿದಾಗಲೆಲ್ಲ ಕೈ ತಡೆದು, ಕೊನೆಗೂ ಕಟ್ಟಿ ಮುಗಿಸಿದರು.

ದೇವದುರ್ಗದಲ್ಲಿ ಅತ್ತೆ ಬಾಗಿಲಲ್ಲೇ ಕೂಸನ್ನು ಇಸಿದುಕೊಂಡು ಕೆಳಗೆ ಕೈಯಿಟ್ಟು ನೋಡಿದರು. ಬೆಚ್ಚಗೆ ಒಣಗಿತ್ತು. ಗಂಟು ಒಂದಿಷ್ಟೂ ಸಡಿಲಾಗಿರಲಿಲ್ಲ.

“ಯಾರು ಕಟ್ಯಾರ ಇದನ್ನ? ಚಲೋ ಕಟ್ಯಾರ,” ಎಂದು ಕೂಸನ್ನು ನನ್ನ ಕೈಗಿತ್ತು ಚಹಾ ಮಾಡಲು ಒಳಗೆ ಹೋದರು.

ದೊಡ್ಡಪ್ಪ ಹಿಗ್ಗಿ ಹೀರೇಕಾಯಾದರು. ನಾನು ಕೇಳಿದೆ: “ದೊಡ್ಡಪ್ಪಾ, ಅಣ್ಣಾರಿಗೆಲ್ಲ ನೀವಾ ಕಟ್ತಿದ್ರೇನು?”

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಎಲ್ಲಿದವ್ವಾ. ನಮ್ಮಪ್ಪ ಪಡಸಾಲ್ಯಾಗ ಕುಂತಿರ್ತಿದ್ದ. ಹಿರ್ಯಾರ ಮುಂದ ನಮ್ಮ ಮಕ್ಕಳನ್ನ ನಾವಾ ಎತ್ತಿಕೊಂಡ್ರ ಮಂದಿ ಏನಂತಿದ್ರು? ನಿಮ್ಮ ದೊಡ್ಡವ್ವ ಕಟ್ಟೂದನ್ನ ಬಾಗಲ ಮರಿಗೆ ನಿಂತು ನೋಡ್ತಿದ್ದೆ. ನಾಕೂ ಮಕ್ಕಳದು ನೋಡೀನಿ. ಒಬ್ರಿಗೂ ಕಟ್ಟಿಲ್ಲ.”

ನಾನು ಕೂಸನ್ನು ಅವರ ತೊಡೆಯ ಮೇಲಿಟ್ಟೆ. ಅವರು ಒಳಬಾಗಿಲತ್ತ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು:

“ಬಿಚ್ಚಿ ಇನ್ನೊಮ್ಮಿ ಕಟ್ಲೇನವ್ವಾ?”