ಸಾಹೇಬರ ತಲೆ ಮೇಲೆ ಲೋಟ

ಅಂದಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಕೆಂಪು ಬಲೂನು. ಅದೊಂದು ಒಡೆಯದೇ ಇದ್ದಿದ್ದರೆ ಊಹೆ ಮೇಷ್ಟ್ರು ಮರ್ಯಾದೆಯಿಂದ ಪಾಠ ಮುಗಿಸಿ ಮನೆಗೆ ಹೋಗುತ್ತಿದ್ದರು.

ಮೇಷ್ಟ್ರಿಗೆ ಆ ಹೆಸರಿಟ್ಟವರು ಒಂಬತ್ತನೇ ತರಗತಿಯ ಮಕ್ಕಳು. ಅವರು ಕಲಿಸುತ್ತಿದ್ದದ್ದು ವಿಜ್ಞಾನ. ಆದರೆ ಒಂದು ಗಾಜಿನ ನಳಿಗೆಯನ್ನೂ ಕೈಯಲ್ಲಿ ಹಿಡಿದವರಲ್ಲ. "ಇಲ್ಲೊಂದು ಬೀಕರ್ ಇದೆ ಅಂತ ಊಹಿಸ್ಕೊಳ್ಳಿ. ಅದರಲ್ಲಿ ಆಸಿಡ್ ಇದೆ ಅಂತ ಊಹಿಸ್ಕೊಳ್ಳಿ. ಹಾಂ, ಈಗ ಬುಸ್ ಅಂತ ಉಕ್ಕಿತು, ಬರ್ಕೊಳ್ಳಿ" ಎಂಬಲ್ಲಿಗೆ ಪ್ರಯೋಗ ಮುಗಿಯುತ್ತಿತ್ತು. ಆಟದ ಮೇಷ್ಟ್ರು ಪ್ರಯೋಗಾಲಯದೊಳಗೆ ಚೆಂಡು, ಹಗ್ಗ, ಹರಿದ ಬಲೆ ತುಂಬಿ ಬೀಗ ಜಡಿದದ್ದು ಇವರಿಗೆ ಒಳಗೊಳಗೇ ಖುಷಿ. ಯಾರಾದರೂ ಬೆಂಕಿಕಡ್ಡಿ ಗೀರಿದರೆ ಒಂದು ಮಾರು ಹಿಂದಕ್ಕೆ ಹಾರುವ ಜೀವ ಅದು.

ಆದರೆ ಈ ಸಲ ತಪಾಸಣೆಗೆ ಬರುವ ಸಾಹೇಬರು ಬೇರೆಯವರು. ಮುಖ್ಯೋಪಾಧ್ಯಾಯಿನಿ ಹಿಂದಿನ ದಿನವೇ ಕರೆದು ಹೇಳಿದ್ದರು: "ನೋಡಿ ಮೇಷ್ಟ್ರೇ, ಇವರು ಬಾಯಿಮಾತಿಗೆ ಬಗ್ಗೋರಲ್ಲ. ಕೈಯಾರೆ ಮಾಡಿ ತೋರಿಸಿದ್ರೆ ನಿಮ್ಮ ಕೆಲಸ ಖಾಯಂ. ಇಲ್ಲಾಂದ್ರೆ ಮನೇಲಿ ಕೂತು ಊಹಿಸ್ಕೊಳ್ಳಿ, ಸಂಬಳ ಬಂತು ಅಂತ."

ಮೇಷ್ಟ್ರು ಪುಸ್ತಕವನ್ನೆಲ್ಲ ಜಾಲಾಡಿ ಬೆಂಕಿಯಿಲ್ಲದ, ಹೊಗೆಯಿಲ್ಲದ, ಸಾಧು ಪ್ರಯೋಗವೊಂದನ್ನು ಹುಡುಕಿದರು. ಗಾಜಿನ ಲೋಟಕ್ಕೆ ಬಿಸಿನೀರು ಹಾಕಿ ಕುಲುಕಿ ಚೆಲ್ಲಬೇಕು. ತಕ್ಷಣ ಅದನ್ನು ಬಲೂನಿನ ಮೇಲೆ ಬೋರಲು ಹಾಕಿ ಒತ್ತಿ ಹಿಡಿಯಬೇಕು. ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿ ಒತ್ತುತ್ತದೆ, ಲೋಟ ಬಲೂನಿಗೆ ಕಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಮಾಡಿ ನೋಡಿದರೆ, ಕಚ್ಚಿಕೊಂಡೇ ಬಿಟ್ಟಿತು! ಹೆಂಡತಿಗೆ ತೋರಿಸಿದರು. "ಲೋಟ ತೊಳೆದಿಟ್ಟು ಹೋಗಿ" ಎಂದಳು ಅವಳು. ಬಲೂನನ್ನು ಬಾಣಂತಿ ಕೂಸನ್ನು ಹಿಡಿದಂತೆ ಎದೆಗವುಚಿಕೊಂಡು ಶಾಲೆಗೆ ನಡೆದರು.

ಅಧ್ಯಾಪಕರ ಕೊಠಡಿಯಲ್ಲಿ ಆಟದ ಮೇಷ್ಟ್ರು ಕಣ್ಣರಳಿಸಿದರು. "ಇದೇನ್ರೀ, ಇಷ್ಟು ಬಡಕಲು ಬಲೂನು? ಹಿಂದಿನ ಬೆಂಚಿಗೆ ಕಾಣುತ್ತಾ? ಕೊಡಿ ಇಲ್ಲಿ."

"ಬೇಡ ಸಾರ್, ಇಷ್ಟೇ ಸಾಕು..."

"ಸುಮ್ನಿರಿ, ನಿಮಗೆ ಶ್ವಾಸ ಎಲ್ಲಿದೆ?"

ಆಟದ ಮೇಷ್ಟ್ರು ಗಂಟು ಬಿಚ್ಚಿ ಕೆನ್ನೆ ಉಬ್ಬಿಸಿ ಊದಿದರು. ಬಲೂನು ಕುಂಬಳಕಾಯಿಯಷ್ಟಾಯಿತು. ಇನ್ನೂ ಊದಿದರು. ಢಮಾರ್!

ಕೆಂಪು ಚೂರೊಂದು ಹಾರಿ ಲೆಕ್ಕದ ಮೇಷ್ಟ್ರ ಕನ್ನಡಕಕ್ಕೆ ಅಂಟಿತು. ಅವರು ಅದನ್ನು ತೆಗೆದು, "ಮಿತಿ ಮೀರಿದೆ" ಎಂದು ತೀರ್ಪು ಕೊಟ್ಟರು. ಅಷ್ಟರಲ್ಲಿ ಗೇಟಿನಲ್ಲಿ ಸಾಹೇಬರ ಜೀಪು ನಿಂತಿತು.

ಆಟದ ಮೇಷ್ಟ್ರು ಪಾಪಪ್ರಜ್ಞೆಯಿಂದ ಫುಟ್‌ಬಾಲ್ ತಂದುಕೊಟ್ಟರು. ಅದರ ತೊಗಲು ಒರಟು, ಲೋಟ ಜಾರಿತು. ಲೆಕ್ಕದ ಮೇಷ್ಟ್ರು ಗ್ಲೋಬು ತಂದರು. ಅದರ ತುಂಬ ಬಿರುಕು. ಗಂಟೆ ಹೊಡೆಯಿತು. ಬರಿಗೈಯಲ್ಲಿ ಹೋಗುವುದು ಬೇಡವೆಂದು ಮೇಷ್ಟ್ರು ಲೋಟ ಮತ್ತು ಬಿಸಿನೀರಿನ ಫ್ಲಾಸ್ಕು ಹಿಡಿದು ತರಗತಿಗೆ ಹೋದರು. ಸಾಹೇಬರು ಟೋಪಿ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಠೀವಿಯಿಂದ ಕೂತಿದ್ದರು. ಪಕ್ಕದಲ್ಲಿ ಮುಖ್ಯೋಪಾಧ್ಯಾಯಿನಿ. ಮಿಕ್ಕ ಇಬ್ಬರು ಮೇಷ್ಟ್ರುಗಳು ಬಾಗಿಲಲ್ಲಿ.

"ಮಕ್ಕಳೇ, ಇಲ್ಲೊಂದು ಬಲೂನಿದೆ ಅಂತ ಊಹಿಸ್ಕೊಳ್ಳಿ..."

ಮಕ್ಕಳು ಕಿಸಕ್ಕೆಂದರು. ಸಾಹೇಬರು ಕೈಯೆತ್ತಿದರು. "ಊಹೆ ಯಾಕ್ರೀ? ಬಲೂನೆಲ್ಲಿ?"

"ಒಡೆದೋಯ್ತು ಸಾರ್. ದುಂಡಗೆ, ನುಣ್ಣಗೆ ಇರೋದು ಏನಾದ್ರೂ ಸಿಕ್ಕಿದ್ರೆ ಮಾಡ್ಬಹುದಿತ್ತು..."

ಸಾಹೇಬರು ಸ್ವಲ್ಪ ಯೋಚಿಸಿ ಟೋಪಿ ತೆಗೆದರು. ತರಗತಿಯಲ್ಲಿ ಇನ್ನೊಂದು ದೀಪ ಹತ್ತಿದಂತಾಯಿತು. ಹುಡುಕಿದರೂ ಒಂದು ಕೂದಲಿಲ್ಲ. "ಇದಕ್ಕಿಂತ ನುಣುಪು ಬೇಕೇ? ವಿಜ್ಞಾನಕ್ಕೆ ಅಂಜಿಕೆ ಇರಬಾರದು. ನಡೀಲಿ."

ಮೇಷ್ಟ್ರು ಲೋಟ ಬಿಸಿಮಾಡಿ, ನೀರು ಚೆಲ್ಲಿ, ಅಂಚಿಗೆ ಒಂದಿಷ್ಟು ನೀರು ಸವರಿ, ಸಾಹೇಬರ ನಡುನೆತ್ತಿಯ ಮೇಲೆ ಬೋರಲಿಟ್ಟು ಒತ್ತಿ ಹಿಡಿದರು. ನಿಧಾನಕ್ಕೆ ಕೈಬಿಟ್ಟರು. ಲೋಟ ನಿಂತಿತು! ಸಾಹೇಬರು ತಲೆ ಬಗ್ಗಿಸಿದರು, ಅಲ್ಲಾಡಿಸಿದರು. ಬೀಳಲಿಲ್ಲ! ಮಕ್ಕಳ ಚಪ್ಪಾಳೆಗೆ ಹೆಂಚು ಹಾರುವಂತಾಯಿತು. ಮೇಷ್ಟ್ರು ಹುಟ್ಟಿದ ಮೇಲೆ ಮೊದಲ ಸಲ ಎದೆ ಸೆಟೆಸಿ ನಿಂತರು.

"ಭೇಷ್! ಸರಿ, ಇನ್ನು ತೆಗೀರಿ" ಎಂದರು ಸಾಹೇಬರು.

ಮೇಷ್ಟ್ರು ಎಳೆದರು. ಬರಲಿಲ್ಲ. ತಿರುವಿದರು. ಲೋಟದ ಜೊತೆ ಸಾಹೇಬರ ಹುಬ್ಬೂ ತಿರುಗಿತು. "ಅಯ್ಯಯ್ಯೋ, ಚರ್ಮ ಕಣ್ರೀ ಅದು!"

"ಬಿಡಿ, ಇದು ನನ್ನ ಕೆಲಸ" ಎಂದು ಆಟದ ಮೇಷ್ಟ್ರು ನುಗ್ಗಿದರು. ಕುರ್ಚಿಗೆ ಕಾಲು ಕೊಟ್ಟು ಹಗ್ಗಜಗ್ಗಾಟದ ವರಸೆಯಲ್ಲಿ ಜಗ್ಗಿದರು. ಸಾಹೇಬರೇ ಕುರ್ಚಿಯಿಂದ ಎದ್ದು ಬಂದರು. ಲೆಕ್ಕದ ಮೇಷ್ಟ್ರು ಸ್ಕೇಲಿಟ್ಟು ಲೋಟದ ಬಾಯಿ ಅಳೆದು, "ಹೀಗೆ ಎಳೆದ್ರೆ ತಲೆ ಮೊದಲು ಬರುತ್ತೋ ಲೋಟ ಮೊದಲು ಬರುತ್ತೋ ಹೇಳೋದು ಕಷ್ಟ" ಎಂದರು. "ಒಡೆದು ಬಿಡೋಣ್ವಾ?" ಎಂದು ಮುಖ್ಯೋಪಾಧ್ಯಾಯಿನಿ ಡಸ್ಟರ್ ಎತ್ತಿಕೊಂಡಾಗ ಸಾಹೇಬರು ಲೋಟದ ಸಮೇತ ಮೇಜಿನ ಕೆಳಗೆ ಕೂತರು.

ಆಗ ಮಕ್ಕಳ ಕಡೆಯಿಂದ ಗದ್ದಲವೆದ್ದಿತು. "ಸಾರ್, ತಣ್ಣಗಾಗಿ ತಾನೇ ಹಿಡ್ಕೊಂಡಿದ್ದು?" "ಹಂಗಾದ್ರೆ ಬಿಸಿ ಮಾಡಿದ್ರೆ ಬಿಡುತ್ತೆ ಸಾರ್!" "ಬಿಸಿ ಬಟ್ಟೆ ಸುತ್ತಿ ಸಾರ್!"

ಮೇಷ್ಟ್ರು ಗಡಬಡಿಸಿ ಕರವಸ್ತ್ರವನ್ನು ಫ್ಲಾಸ್ಕಿನ ನೀರಿಗೆ ಅದ್ದಿ, ಹಿಂಡಿ, ಲೋಟಕ್ಕೆ ಸುತ್ತಿದರು. ಪಚಕ್! ಲೋಟ ಬಿಟ್ಟುಕೊಂಡಿತು. ನೆತ್ತಿಯ ಮೇಲೆ ನೇರಳೆ ಬಣ್ಣದ ದುಂಡನೆ ಮುದ್ರೆ ಮೂಡಿತ್ತು, ಸರ್ಕಾರಿ ಮೊಹರಿನ ಹಾಗೆ.

ಸಾಹೇಬರು ಮೊಬೈಲಿನಲ್ಲಿ ತಲೆಯ ಫೋಟೋ ತೆಗೆದು ಬಹಳ ಹೊತ್ತು ನೋಡಿದರು. ಮೇಷ್ಟ್ರು ಮನಸ್ಸಿನಲ್ಲೇ ಮನೆಗೆ ಗಂಟುಮೂಟೆ ಕಟ್ಟಿದರು.

"ಮೇಷ್ಟ್ರೇ," ಎಂದರು ಸಾಹೇಬರು, "ಎಷ್ಟೋ ವಿಜ್ಞಾನದ ಪಾಠ ನೋಡಿದೀನಿ. ಎಲ್ಲದರಲ್ಲೂ ನಿದ್ದೆ ಬಂದಿದೆ. ಇವತ್ತು ಬರಲಿಲ್ಲ. ಮಕ್ಕಳು ತಾವೇ ಉತ್ತರ ಹುಡುಕಿದ್ರು, ಕೇಳಿಸ್ಕೊಂಡ್ರಾ? ಇದೇ ಪಾಠಾನ ನಾಳೆಯಿಂದ ನನ್ನ ಕೈಕೆಳಗಿನ ಎಲ್ಲಾ ಶಾಲೆಗಳಲ್ಲೂ ನೀವೇ ಮಾಡಿ ತೋರಿಸ್ಬೇಕು. ಅದು ಚೆನ್ನಾಗಿ ಆದ್ಮೇಲೆ ಖಾಯಂ ವಿಷಯ ನೋಡೋಣ."

ಹೋದ ಜೀವ ತಿರುಗಿ ಬಂದಂತಾಗಿ ಮೇಷ್ಟ್ರು ಕೈಮುಗಿದರು. "ಖಂಡಿತ ಸಾರ್! ಬೇಕಾದಷ್ಟು ಬಲೂನು ತಗೊಂಡೇ ಹೋಗ್ತೀನಿ."

"ಬಲೂನಾ? ಬಲೂನಿಗೆ ಅಂಟಿದ್ರೆ ಯಾರ್ರೀ ನೋಡ್ತಾರೆ? ತಲೆಗೇ ಅಂಟಬೇಕು!"

"ಆದ್ರೆ ಸಾರ್, ತಾವು ಎಲ್ಲಾ ಶಾಲೆಗೂ..."

"ನನಗೆಲ್ಲಿ ಪುರುಸೊತ್ತು?" ಸಾಹೇಬರು ಟೋಪಿ ಹಾಕಿಕೊಂಡರು. ಆಮೇಲೆ ಮೇಷ್ಟ್ರ ತಲೆಯತ್ತ ದೃಷ್ಟಿ ಹಾಯಿಸಿದರು. ಅಲ್ಲಿ ದಟ್ಟವಾದ ಗುಂಗುರು ಕೂದಲಿತ್ತು. ಮುಖ್ಯೋಪಾಧ್ಯಾಯಿನಿಯೂ ನೋಡಿದರು. ಲೆಕ್ಕದ ಮೇಷ್ಟ್ರು ಅದರ ಮೇಲೆ ಲೋಟ ಇಟ್ಟು ನೋಡಿ ತಲೆಯಾಡಿಸಿದರು. "ಉಹೂಂ, ಗಾಳಿ ನುಗ್ಗುತ್ತೆ."

ದಿನವೂ ಗಂಟೆ ಹೊಡೆದ ಮೇಲೆ ಆಕಳಿಸುತ್ತ ಬರುವ ಆಟದ ಮೇಷ್ಟ್ರು ಆಗಲೇ ಎದುರಿನ ಕ್ಷೌರದಂಗಡಿಗೆ ಓಡಿ, ಕ್ಷೌರಿಕನನ್ನು ಪೆಟ್ಟಿಗೆ ಸಮೇತ ಎಳೆದುಕೊಂಡು ಬಂದಿದ್ದರು.

"ಇಷ್ಟು ಚೆಂದದ ಕೂದಲು! ಪೂರ್ತಿ ತೆಗೀಲಾ ಸಾರ್?" ಎಂದು ಅವನು ಮೇಷ್ಟ್ರನ್ನು ಕೇಳಿದ. ಮೇಷ್ಟ್ರು ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು.

"ಪೂರ್ತಿ," ಎಂದರು ಸಾಹೇಬರು, ಜೀಪು ಹತ್ತಲು ಹೊರಟವರು ಬಾಗಿಲಲ್ಲಿ ನಿಂತು. "ಹಾಂ, ಮೇಷ್ಟ್ರೇ, ದಿನಾ ಬೆಳಿಗ್ಗೆ ತಪ್ಪದೆ ಒಂದ್ಸಲ ಬೋಳಿಸ್ಕೊಳ್ಳಿ. ಚೂರು ಚಿಗುರಿದ್ರೂ ಲೋಟ ಹಿಡಿಯಲ್ಲ."